ಪರ್ಯಾಯ ದ್ವೀಪ

ಮೂರು ಕಡೆ ನೀರು ಆವರಿಸಿ, ಒಂದು ಕಡೆ ಮಾತ್ರ ಭೂಖಂಡಕ್ಕೆ ಹೊಂದಿಕೊಂಡ ನೆಲವನ್ನು ಕನ್ನಡ ಭೂಗೋಳ ಪಠ್ಯಗಳು ‘ಪರ್ಯಾಯ ದ್ವೀಪ’ ಎನ್ನುತ್ತವೆ. ‘ದ್ವೀಪ’ವನ್ನು ಸಂಸ್ಕೃತ ವೈಯಾಕರಣರು ‘ದ್ವಿ’ (ಎರಡು), ‘ಅಪ್’ (ನೀರು) ಎಂದು ಬಿಡಿಸಿ, ಎರಡು ಬದಿಗೆ ನೀರುಳ್ಳ ನೆಲವೆಂದು ಅರ್ಥೈಸುತ್ತಾರೆ. ತೊಡಕಿರುವುದು ‘ಪರ್ಯಾಯ’ದಲ್ಲಿ, ಏಕೆಂದರೆ ಬದಲಿ ಅಥವಾ (ಉಡುಪಿಯ ಮಠಗಳಲ್ಲಿರುವಂತೆ) ಸರದಿ ಎಂಬ ಅದರ ರೂಢಾರ್ಥಗಳು ನೆಲದ ಆಕಾರವನ್ನು ಸೂಚಿಸುವುದಿಲ್ಲ. ‘ಬಹುಮಟ್ಟಿಗೆ ದ್ವೀಪ’ ಎಂಬರ್ಥದ ಲ್ಯಾಟಿನ್ ‘ಪೇನಿನ್ಸುಲಾ’ಕ್ಕೆ, ‘ತುಸು ಕಡಿಮೆ’ ಎಂಬ ಭಾವದ ‘ಕಲ್ಪ’ ಪ್ರತ್ಯಯ ಸೇರಿದ ‘ದ್ವೀಪಕಲ್ಪ’ವೇ ಹೆಚ್ಚು ಒಪ್ಪುತ್ತದೆ. ಇಂಥ ನೆಲದ ಎಲ್ಲೆ ಎಲ್ಲಿ ಶುರುವಾಗುತ್ತದೆ ಎಂಬುದಕ್ಕೆ ಇಟಲಿ ಒಂದು ಉದಾಹರಣೆ: ಅದರ ಉತ್ತರಕ್ಕೆ ಆಲ್ಪ್ಸ್ ಪರ್ವತಗಳು ಫ್ರಾನ್ಸ್, ಸ್ವಿಟ್ಜರ್ಲೆಂಡ್, ಆಸ್ಟ್ರಿಯಾ, ಸ್ಲೊವೇನಿಯಾಗಳ ಕಡೆಗೆ ಗಡಿಯಾಗಿ ನಿಂತರೆ, ಅಪೆನೈನ್ ಬೆಟ್ಟಸಾಲಿನ ನೆಲ ಏಡ್ರಿಯಾಟಿಕ್, ಅಯೋನಿಯನ್, ಟಿರೇನಿಯನ್ ಸಮುದ್ರಗಳ ನಡುವೆ ಚಾಚಿದೆ; ಇವೆರಡರ ನಡುವಿನ ಪೋ ನದಿಯ ಬಯಲು ಇಟಲಿಯದೇ ಆದರೂ, ಕಟ್ಟುನಿಟ್ಟಾಗಿ ನೋಡಿದರೆ ಪರ್ಯಾಯ ದ್ವೀಪದ ಭಾಗವಲ್ಲ.