ತಿರುವಿನಲ್ಲಿ ಭಾರ ಹಂಚುವ ಸರಳು: ಸ್ವೇ ಬಾರಿನ ಬೆಳವಣಿಗೆ, ಆಯ್ಕೆ ಮತ್ತು ಹೊಂದಾಣಿಕೆ

ಕಾರಿನ ಎಡಗಾಲಿಯ ಸಸ್ಪೆನ್ಶನ್ನಿಗೂ ಬಲಗಾಲಿಯ ಸಸ್ಪೆನ್ಶನ್ನಿಗೂ ಅಡ್ಡಲಾಗಿ ಕೂತಿರುವ, ಎರಡೂ ತುದಿ ಬಾಗಿದ ಸ್ಪ್ರಿಂಗ್ ಉಕ್ಕಿನ ಸರಳೇ ಸ್ವೇ ಬಾರ್. ಗ್ಯಾರೇಜುಗಳಲ್ಲಿ ಅದನ್ನು ಸ್ಟೆಬಿಲೈಸರ್ ಬಾರ್ ಎನ್ನುತ್ತಾರೆ. ಅದರ ನಡುಭಾಗವನ್ನು ಎರಡು ರಬ್ಬರ್ ಬುಷ್‌ಗಳು ಚಾಸಿಗೆ ಹಿಡಿದಿರುತ್ತವೆ. ತುದಿಗಳು ಲಿಂಕ್ ರಾಡ್‌ಗಳ ಮೂಲಕ ಗಾಲಿಯ ಕಡೆಗೆ ಸೇರಿರುತ್ತವೆ. ಎರಡೂ ಗಾಲಿ ಒಟ್ಟಿಗೆ ಮೇಲೆದ್ದರೆ ಸರಳು ಬುಷ್‌ನೊಳಗೆ ಸುಮ್ಮನೆ ಹೊರಳುತ್ತದೆ, ಅದರಿಂದ ಯಾವ ಅಡ್ಡಿಯೂ ಇಲ್ಲ. ಒಂದೇ ಗಾಲಿ ಎದ್ದಾಗ, ಅಥವಾ ತಿರುವಿನಲ್ಲಿ ಬಾಡಿ ಪಕ್ಕಕ್ಕೆ ವಾಲಿದಾಗ, ಒದ್ದೆ ಪಂಚೆ ಹಿಂಡಿದ ಹಾಗೆ ತಿರುಚಿಕೊಂಡು ಎದುರು ಬಲ ಕೊಡುತ್ತದೆ. ತಿರುವಿನಲ್ಲಿ ಉಪಕಾರ ಮಾಡುವ ಈ ಗುಣವೇ ಗುಂಡಿಯಲ್ಲಿ ತೊಂದರೆ ಕೊಡುತ್ತದೆ.

ಹಾವೇರಿ ಜಿಲ್ಲೆಯ ಮೋಟೆಬೆನ್ನೂರಿನ ಸುತ್ತಮುತ್ತ ಓಡುವ ವಾಹನ ಈ ಎರಡನ್ನೂ ಒಂದೇ ದಿನ ಕಾಣಬಹುದು. ಊರು ರಾಣೆಬೆನ್ನೂರು ಮತ್ತು ಹಾವೇರಿಯ ನಡುವೆ, ಬೆಂಗಳೂರು–ಪುಣೆ ಹೆದ್ದಾರಿಯ ಮೇಲಿದೆ. ಹಿಂದಿನ ರಾಷ್ಟ್ರೀಯ ಹೆದ್ದಾರಿ 4, ಈಗಿನ 48. ಅಲ್ಲಿ ನೇರ ಓಟ, ಹೆಚ್ಚಿನ ವೇಗ. ಬ್ಯಾಡಗಿಯ ಕಡೆಗೋ ಹಳ್ಳಿಗಳ ಕಡೆಗೋ ಹೊರಳಿದರೆ ಎರೆಭೂಮಿಯ ಮೇಲೆ ಹಾಸಿದ ರಸ್ತೆ. ಎರೆಮಣ್ಣು ಮಳೆಗೆ ಉಬ್ಬಿ ಬಿಸಿಲಿಗೆ ಕುಗ್ಗುವುದರಿಂದ ಡಾಂಬರಿನ ಅಂಚು ಕುಸಿಯುತ್ತದೆ, ಎಡಗಾಲಿ ಇಳಿದಾಗ ಬಲಗಾಲಿ ಏರಿರುತ್ತದೆ. ಹಾನಗಲ್ಲು, ಶಿರಸಿ ದಾಟಿ ಕುಮಟಾಕ್ಕೆ ಇಳಿದರೆ ದೇವಿಮನೆ ಘಟ್ಟದ ತಿರುವುಗಳು. ಈ ಮೂರೂ ಬಗೆಯ ದಾರಿಗೆ ಒಂದೇ ಸರಳು ಸರಿಹೊಂದಬೇಕು ಎಂಬುದೇ ಇಲ್ಲಿನ ಆಯ್ಕೆಯನ್ನು ಕಷ್ಟವಾಗಿಸುತ್ತದೆ.

ಕೆನಡಾದ ಫ್ರೆಡೆರಿಕ್ಟನ್ ನಗರದ ಸ್ಟೀಫನ್ ಕೋಲ್ಮನ್ ಎಂಬಾತನಿಗೆ ಇಂಥ ಸರಳಿನ ಪೇಟೆಂಟ್ ದೊರೆತದ್ದು 1919ರಲ್ಲಿ. ಆಗಿನ ಕಾರುಗಳಿಗೆ ಅದರ ಅಗತ್ಯ ಅಷ್ಟಾಗಿ ಇರಲಿಲ್ಲ. ಗಟ್ಟಿ ಕಮಾನು ಪಟ್ಟಿಗಳೇ ಬಾಡಿಯನ್ನು ವಾಲಗೊಡುತ್ತಿರಲಿಲ್ಲ, ಪ್ರಯಾಣಿಕರ ಸೊಂಟವನ್ನೂ ಉಳಿಸುತ್ತಿರಲಿಲ್ಲ. ಪರಿಸ್ಥಿತಿ ಬದಲಾದದ್ದು 1934ರ ಹೊತ್ತಿಗೆ. ಜನರಲ್ ಮೋಟರ್ಸ್ ಸಂಸ್ಥೆಯಲ್ಲಿ ಮಾರಿಸ್ ಆಲಿ ಎಂಬ ಎಂಜಿನಿಯರನ ಕೆಲಸದ ಫಲವಾಗಿ ಮುಂದಿನ ಗಾಲಿಗಳು ಒಂದಕ್ಕೊಂದು ಅಂಟದೆ ಸ್ವತಂತ್ರವಾಗಿ ಏರಿಳಿಯುವ ಮೆತ್ತನೆಯ ಸಸ್ಪೆನ್ಶನ್ ಬಂತು. ಸವಾರಿ ಹಿತವಾಯಿತು, ಬಾಡಿ ವಾಲತೊಡಗಿತು. ಸ್ಪ್ರಿಂಗ್ ಮೆತ್ತಗಿಟ್ಟು ವಾಲುವುದನ್ನು ಮಾತ್ರ ತಡೆಯುವ ಉಪಾಯವಾಗಿ ಸ್ವೇ ಬಾರಿಗೆ ಬೇಡಿಕೆ ಹುಟ್ಟಿತು.

1950ರಲ್ಲಿ ಬ್ರಿಟನ್ನಿನ ಫೋರ್ಡ್ ಕಾನ್ಸಲ್ ಮತ್ತು ಜೆಫಿರ್ ಕಾರುಗಳು ಮ್ಯಾಕ್‌ಫರ್ಸನ್ ಸ್ಟ್ರಟ್‌ನೊಂದಿಗೆ ಬಂದಾಗ ಸರಳಿಗೆ ಇನ್ನೊಂದು ಕೆಲಸ ಅಂಟಿಕೊಂಡಿತು. ಗಾಲಿ ಹಿಂದೆ ಮುಂದೆ ಸರಿಯದಂತೆ ಹಿಡಿಯುವ ತೋಳೂ ಅದೇ ಆಯಿತು. ಒಂದು ಬಿಡಿಭಾಗ ಉಳಿಯಿತು, ಕಾರು ಅಗ್ಗವಾಯಿತು. ಈ ಉಪಾಯ ಮೂರು ದಶಕಗಳ ನಂತರ ಭಾರತದ ಮನೆಮನೆಗೂ ಬಂತು. ಆ ವಿಷಯ ಮುಂದಿದೆ.

ಸರಳಿನ ನಿಜವಾದ ಪಾತ್ರ ಲೋಕಕ್ಕೆ ತಿಳಿದದ್ದು ಅದು ಇಲ್ಲದಿದ್ದಾಗ. 1960ರಲ್ಲಿ ಬಂದ ಷೆವರ್ಲೆ ಕೋರ್ವೇರ್ ಕಾರಿನ ಎಂಜಿನ್ ಹಿಂಭಾಗದಲ್ಲಿತ್ತು. 1963ರವರೆಗಿನ ಮಾದರಿಗಳಿಗೆ ಮುಂದಿನ ಸ್ವೇ ಬಾರನ್ನು ಕಾರಿನ ಜೊತೆಗೇ ಕೊಡಲಿಲ್ಲ, 1964ರಲ್ಲಿ ಸೇರಿಸಿದರು. ಮರುವರ್ಷ ರಾಲ್ಫ್ ನೇಡರ್ ಬರೆದ ಪುಸ್ತಕ ಈ ಕಾರಿನ ಹಿಂಭಾಗ ತಿರುವಿನಲ್ಲಿ ಜಾರುವುದನ್ನು ಅಮೆರಿಕದ ಜನರ ಮುಂದೆ ಚರ್ಚೆಗಿಟ್ಟಿತು. ಮುಂದಿನ ಸರಳು ಹಿಂದಿನ ಗಾಲಿಗಳ ಹಿಡಿತವನ್ನು ಹೇಗೆ ಕಾಯುತ್ತದೆ ಎಂಬುದರಲ್ಲೇ ಇಡೀ ವಿದ್ಯೆಯ ತಿರುಳಿದೆ.

ಒಂದು ಲೆಕ್ಕ ನೋಡಬಹುದು. ಕಾರಿನ ತೂಕ 1,000 ಕೆ.ಜಿ., ಗುರುತ್ವಕೇಂದ್ರ ನೆಲದಿಂದ 55 ಸೆಂ.ಮೀ. ಎತ್ತರ, ಎಡ-ಬಲ ಗಾಲಿಗಳ ನಡುವೆ 145 ಸೆಂ.ಮೀ. ಅಂತರ. ಗುರುತ್ವದ ಅರ್ಧದಷ್ಟು ಪಾರ್ಶ್ವಬಲ ಹುಟ್ಟುವ ತಿರುವಿನಲ್ಲಿ ಒಳಗಾಲಿಗಳಿಂದ ಹೊರಗಾಲಿಗಳಿಗೆ ಸುಮಾರು 190 ಕೆ.ಜಿ. ಭಾರ ದಾಟುತ್ತದೆ. ಎಷ್ಟು ದಪ್ಪದ ಸರಳು ಹಾಕಿದರೂ ಈ 190 ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಸರಳು ನಿರ್ಧರಿಸುವುದು ಅದರಲ್ಲಿ ಮುಂದಿನ ಜೋಡಿಯ ಪಾಲೆಷ್ಟು, ಹಿಂದಿನ ಜೋಡಿಯ ಪಾಲೆಷ್ಟು ಎಂಬುದನ್ನು. ಟೈರಿನ ಮೇಲೆ ಭಾರ ಇಮ್ಮಡಿಯಾದರೆ ಹಿಡಿತ ಇಮ್ಮಡಿಯಾಗುವುದಿಲ್ಲ, ಸ್ವಲ್ಪ ಕಡಿಮೆಯೇ ಸಿಗುತ್ತದೆ. ಆದ್ದರಿಂದ ಯಾವ ಆಕ್ಸಲಿನಲ್ಲಿ ಹೆಚ್ಚು ಭಾರ ಪಕ್ಕಕ್ಕೆ ದಾಟುತ್ತದೋ ಆ ಆಕ್ಸಲ್ ಮೊದಲು ಹಿಡಿತ ಕಳೆದುಕೊಳ್ಳುತ್ತದೆ. ಮುಂದಿನ ಸರಳು ಗಟ್ಟಿಯಾದರೆ ಕಾರು ಸ್ಟೇರಿಂಗ್ ತಿರುಗಿಸಿದಷ್ಟು ತಿರುಗದೆ ಹೊರಕ್ಕೆ ಸಾಗುತ್ತದೆ. ಹಿಂದಿನದು ಗಟ್ಟಿಯಾದರೆ ಮೂತಿ ಬೇಗ ಒಳಗೆ ಬರುತ್ತದೆ, ಅತಿಯಾದರೆ ಬಾಲ ಜಾರುತ್ತದೆ. ಸ್ವೇ ಬಾರನ್ನು ವಾಲುವುದನ್ನು ತಡೆಯುವ ಸಾಧನವೆಂದು ಮಾತ್ರ ತಿಳಿದು ಕೊಳ್ಳುವವರು ಅದರ ದೊಡ್ಡ ಗುಣವನ್ನೇ ಬಿಟ್ಟುಬಿಡುತ್ತಾರೆ.

ಅಮೆರಿಕದಲ್ಲಿ ಈ ತಿಳಿವಳಿಕೆಯನ್ನು ರೇಸ್ ಪಥದಿಂದ ಸಾಮಾನ್ಯ ಗ್ಯಾರೇಜಿಗೆ ತಂದವರಲ್ಲಿ ಪಾಂಟಿಯಾಕ್‌ನ ಎಂಜಿನಿಯರ್ ಆಗಿದ್ದ ಹರ್ಬ್ ಆಡಮ್ಸ್ ಒಬ್ಬರು. ಮೆತ್ತನೆಯ ಸ್ಪ್ರಿಂಗಿಗೆ ದಪ್ಪ ಸರಳು ಎಂಬುದು ಅವರ ಸೂತ್ರ. 1970ರ ದಶಕದಲ್ಲಿ ಅಂಥ ಭಾಗಗಳನ್ನು ಅವರು ಮಾರುತ್ತಲೂ ಇದ್ದರು. ಮುಂದೆ ಜರ್ಮನಿಯ ಐಬಾಕ್ ಮತ್ತು ಎಚ್ ಅಂಡ್ ಆರ್, ಆಸ್ಟ್ರೇಲಿಯಾದ ವೈಟ್‌ಲೈನ್, ಜಪಾನಿನ ಕಸ್ಕೊ, ಮಲೇಷ್ಯಾದ ಅಲ್ಟ್ರಾ ರೇಸಿಂಗ್ ಮುಂತಾದ ಕಂಪನಿಗಳು ಬೇರೆ ಬೇರೆ ಕಾರುಗಳಿಗೆ ಸಿದ್ಧ ಸರಳುಗಳನ್ನು ತಯಾರಿಸಿದವು. ಇದೇ ಕಾಲದಲ್ಲಿ, 1974ರ ಫೋಕ್ಸ್‌ವ್ಯಾಗನ್ ಗಾಲ್ಫ್‌ನಿಂದ, ಹಿಂಭಾಗದಲ್ಲಿ ಟ್ವಿಸ್ಟ್ ಬೀಮ್ ಎಂಬ ವ್ಯವಸ್ಥೆ ಹರಡಿತು. ಎರಡು ಹಿಂದಿನ ತೋಳುಗಳನ್ನು ಜೋಡಿಸುವ ತೊಲೆಯೇ ತಿರುಚಿಕೊಂಡು ಸ್ವೇ ಬಾರಿನ ಕೆಲಸ ಮಾಡುತ್ತದೆ. ಭಾರತದ ಸ್ವಿಫ್ಟ್, ಪೋಲೊದಂಥ ಕಾರುಗಳ ಹಿಂಭಾಗ ಈ ಜಾತಿಯದು.

ಭಾರತದ ರಸ್ತೆಗಳಲ್ಲಿ ಫಿಯೆಟ್ 1100 ಮೂಲದ ಪ್ರೀಮಿಯರ್ ಪದ್ಮಿನಿಗೆ ಮುಂದೆ ಸ್ಟೆಬಿಲೈಸರ್ ಬಾರ್ ಇತ್ತು. ಆದರೆ ಮೆಕ್ಯಾನಿಕ್‌ಗಳ ಕೈಗೆ ಈ ಭಾಗ ನಿತ್ಯದ ಪರಿಚಯವಾದದ್ದು ಮಾರುತಿ 800ರಿಂದ. 1986ರ ಹೊಸ ಆಕಾರದ 800ರ ಅಡಿಯಲ್ಲಿ ನೋಡಿದರೆ ಫೋರ್ಡಿನ ಹಳೆಯ ಉಪಾಯವೇ ಕಾಣುತ್ತದೆ: ಸರಳಿನ ತುದಿ ಕೆಳತೋಳಿನ ರಂಧ್ರದೊಳಗೆ ಹೊಕ್ಕು, ಎರಡೂ ಬದಿಗೆ ಬುಷ್ ಕೂತು, ನಟ್ಟಿನಿಂದ ಬಿಗಿಯಲ್ಪಟ್ಟಿದೆ. ಬುಷ್ ಸವೆದರೆ ಬ್ರೇಕ್ ಹಾಕಿದಾಗ ಗಾಲಿ ಹಿಂದಕ್ಕೆ ಸರಿದು ‘ಟಕ್’ ಎನ್ನುತ್ತದೆ, ಕಾರು ಒಂದು ಪಕ್ಕಕ್ಕೆ ಎಳೆಯುತ್ತದೆ. ಇಂಥ ಕಾರಿಗೆ ಬೇರೆ ಆಕಾರದ ಸರಳು ಹಾಕಿದರೆ ವಾಲುವಿಕೆ ಮಾತ್ರವಲ್ಲ, ಗಾಲಿ ನಿಲ್ಲುವ ಕೋನವೂ ಬದಲಾಗುತ್ತದೆ. ಮುಂದಿನ ಪೀಳಿಗೆಯ ಕಾರುಗಳಲ್ಲಿ ಸರಳನ್ನು ಲಿಂಕ್ ರಾಡಿಗೆ ಕಟ್ಟಿ ಈ ಎರಡು ಕೆಲಸಗಳನ್ನು ಬೇರ್ಪಡಿಸಿದ ಮೇಲೆಯೇ ಬದಲಿ ಸರಳುಗಳ ಪ್ರಯೋಗ ಸುಲಭವಾಯಿತು.

ಕರ್ನಾಟಕದಲ್ಲಿ ಪ್ರಯೋಗಶಾಲೆಯಾಗಿ ಒದಗಿದ್ದು ರ‍್ಯಾಲಿಗಳು. ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ ಕೆ-1000 ರ‍್ಯಾಲಿ, ಚಿಕ್ಕಮಗಳೂರಿನ ಕಾಫಿತೋಟಗಳ ಮಣ್ಣುದಾರಿ, 1988ರಿಂದ ನಡೆದುಬಂದ ರಾಷ್ಟ್ರೀಯ ರ‍್ಯಾಲಿ ಚಾಂಪಿಯನ್‌ಶಿಪ್ ಇವೆಲ್ಲ ಜಿಪ್ಸಿ, ಎಸ್ಟೀಮ್, ಮುಂದೆ ಪೋಲೊ ಕಾರುಗಳನ್ನು ಪಳಗಿಸಿದವು. ರೇಸ್ ಪಥದ ನಯವಾದ ಡಾಂಬರಿಗೆ ಗಟ್ಟಿ ಸರಳು, ಕಲ್ಲುಮಣ್ಣಿನ ದಾರಿಗೆ ಮೆತ್ತನೆಯ ಸರಳು ಎಂಬುದು ರ‍್ಯಾಲಿಯವರ ಸಾಮಾನ್ಯ ನಿಯಮ. ತೀರ ಒರಟು ನೆಲದಲ್ಲಿ ಜಿಪ್ಸಿಯಂಥ ವಾಹನದ ಲಿಂಕನ್ನೇ ಕಳಚುವುದೂ ಉಂಟು. ಎರೆಭೂಮಿಯ ಹಳ್ಳಿದಾರಿಯಲ್ಲಿ ಓಡಾಡುವ ಕಾರಿನ ಮಾಲೀಕರು ಕಲಿಯಬೇಕಾದದ್ದು ರೇಸಿನವರಿಂದಲ್ಲ, ಈ ರ‍್ಯಾಲಿಯವರಿಂದ.

ಬೆಂಗಳೂರು–ಪುಣೆ ಹೆದ್ದಾರಿಯ ಮೇಲೆ ಸರಳಿನ ಇನ್ನೊಂದು ರೂಪ ರಾತ್ರಿಯಿಡೀ ಓಡುತ್ತದೆ. 2001ರಲ್ಲಿ ಬಂದು, ಹೊಸಕೋಟೆಯಲ್ಲಿ ತಯಾರಾದ ವೋಲ್ವೊ ಬಿ7ಆರ್ ಬಸ್ಸುಗಳು ಏರ್ ಸಸ್ಪೆನ್ಶನ್ನನ್ನು ಕನ್ನಡ ಪ್ರಯಾಣಿಕರಿಗೆ ಪರಿಚಯಿಸಿದವು. ಗಾಳಿಚೀಲ ಮೆತ್ತಗೆ ಕೂರಿಸುತ್ತದೆ, ಆದರೆ ವಾಲುವುದನ್ನು ತಾನಾಗಿ ಅಷ್ಟು ತಡೆಯದು. ಅಷ್ಟೆತ್ತರದ ಬಸ್ಸು ನೆಟ್ಟಗೆ ನಿಲ್ಲಬೇಕಾದರೆ ದಪ್ಪ ಸ್ಟೆಬಿಲೈಸರ್ ಬಾರುಗಳ ಆಸರೆ ಬೇಕು.

ಬದಲಿ ಸರಳು ಆಯುವಾಗ ಮೊದಲ ಪ್ರಶ್ನೆ ದಪ್ಪದ್ದು. ತಿರುಚುವಿಕೆಗೆ ಸರಳು ಒಡ್ಡುವ ಪ್ರತಿರೋಧ ಅದರ ವ್ಯಾಸದ ನಾಲ್ಕನೇ ಘಾತದಂತೆ ಏರುತ್ತದೆ. 22 ಮಿ.ಮೀ. ತೆಗೆದು 24 ಮಿ.ಮೀ. ಹಾಕಿದರೆ ಕಣ್ಣಿಗೆ ಎರಡೇ ಮಿ.ಮೀ. ವ್ಯತ್ಯಾಸ, ಬಿಗಿತ ಮಾತ್ರ ಶೇ. 42ರಷ್ಟು ಹೆಚ್ಚುತ್ತದೆ. ‘ಇನ್ನೂ ದಪ್ಪ ಇರಲಿ’ ಎಂಬ ಆಸೆ ಇಲ್ಲಿ ದುಬಾರಿ. ಟೊಳ್ಳು ಸರಳುಗಳೂ ಇವೆ: ಹೊರವ್ಯಾಸ 25, ಒಳವ್ಯಾಸ 17 ಮಿ.ಮೀ. ಇದ್ದರೆ ಘನ ಸರಳಿನ ಶೇ. 79ರಷ್ಟು ಬಿಗಿತ ಸುಮಾರು ಶೇ. 54ರಷ್ಟು ತೂಕದಲ್ಲೇ ಸಿಗುತ್ತದೆ. ಆದ್ದರಿಂದ ಟೊಳ್ಳನ್ನೂ ಘನವನ್ನೂ ಹೊರವ್ಯಾಸ ಮಾತ್ರ ನೋಡಿ ಹೋಲಿಸುವುದು ತಪ್ಪು.

ಎರಡನೆಯದು, ಮುಂದೆಯೋ ಹಿಂದೆಯೋ. ಮುಂದಿನ ಗಾಲಿ ಎಳೆಯುವ ಇಂದಿನ ಬಹುಪಾಲು ಕಾರುಗಳನ್ನು ಕಂಪನಿಗಳು ಬೇಕೆಂದೇ ತುಸು ಹೊರಕ್ಕೆ ಸಾಗುವಂತೆ ಹದಮಾಡಿರುತ್ತವೆ, ಅದು ಸಾಮಾನ್ಯ ಚಾಲಕನಿಗೆ ಸುರಕ್ಷಿತ. ಘಟ್ಟದ ತಿರುವಿನಲ್ಲಿ ಮೂತಿ ಚುರುಕಾಗಬೇಕೆನ್ನುವವರು ಹಿಂದಿನ ಸರಳಿಗೆ ಕೈಹಾಕುತ್ತಾರೆ. ಟ್ವಿಸ್ಟ್ ಬೀಮ್ ಇರುವ ಕಾರಿಗೆ ಬೀಮಿನ ಎರಡು ತೋಳುಗಳ ನಡುವೆ ಬೋಲ್ಟ್ ಆಗುವ ಸರಳು ಸಿಗುತ್ತದೆ. ಒಣ ದಾರಿಯಲ್ಲಿ ಇದು ಸೊಗಸು. ಶಿರಸಿಯ ಕಡೆ ಮಳೆ ಹಿಡಿದಾಗ ಅದೇ ಕಾರಿನ ಬಾಲ ಮುನ್ಸೂಚನೆಯಿಲ್ಲದೆ ಜಾರಬಹುದು. ಹಿಂದೆ ಒಮ್ಮೆಲೇ ದೊಡ್ಡ ಹೆಜ್ಜೆ ಇಡದಿರುವುದೇ ವಿವೇಕ.

ಇದಕ್ಕೂ ಮೊದಲು ನೋಡಬೇಕಾದದ್ದು ಟೈರು, ಶಾಕ್ ಅಬ್ಸಾರ್ಬರ್, ಹಳೆಯ ಬುಷ್‌ಗಳು. ಸವೆದ ಲಿಂಕ್ ರಾಡ್ ಬದಲಿಸಿದರೆ ಸಾಕಾಗುವ ಕಡೆ ಹೊಸ ಸರಳಿಗೆ ಹಣ ಸುರಿಯುವ ಅಗತ್ಯವಿಲ್ಲ. ವಾಹನ ಮಾರ್ಪಾಡಿನ ಬಗ್ಗೆ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಇದೆ. ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಭಿನ್ನವಾಗುವಂತೆ ವಾಹನ ಬದಲಿಸಬಾರದೆಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ಪತ್ರದಲ್ಲಿ ಸ್ವೇ ಬಾರಿನ ವಿವರ ಇರುವುದಿಲ್ಲವಾದರೂ ವಾರಂಟಿ ಮತ್ತು ವಿಮೆಯ ಷರತ್ತುಗಳನ್ನು ಮೊದಲೇ ಕೇಳಿ ತಿಳಿಯುವುದು ಒಳ್ಳೆಯದು.

ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ಹೊರುವ ವಾಹನಗಳದ್ದು ಬೇರೆಯೇ ಲೆಕ್ಕ. ಒಣಮೆಣಸಿನಕಾಯಿ ಹಗುರ, ಗಾತ್ರ ದೊಡ್ಡದು. ತೂಕದ ಮಿತಿ ಮುಟ್ಟುವ ಮೊದಲೇ ಚೀಲಗಳ ರಾಶಿ ಕ್ಯಾಬಿನ್ನಿನ ಮೇಲಕ್ಕೆ ಏಳುತ್ತದೆ, ಗುರುತ್ವಕೇಂದ್ರವೂ ಅದರೊಂದಿಗೆ ಏರುತ್ತದೆ. ವಾಹನ ಮಗುಚುವ ಮಿತಿಯನ್ನು ಮುಖ್ಯವಾಗಿ ನಿರ್ಧರಿಸುವುದು ಗಾಲಿಗಳ ಅಂತರದ ಅರ್ಧಕ್ಕೂ ಗುರುತ್ವಕೇಂದ್ರದ ಎತ್ತರಕ್ಕೂ ಇರುವ ಅನುಪಾತ. ದಪ್ಪ ಸರಳು ಆ ಅನುಪಾತವನ್ನು ಬದಲಿಸದು. ವಾಲುವುದು ಕಡಿಮೆಯಾದಂತೆ ಕಂಡು ಚಾಲಕನಿಗೆ ಹುಸಿ ಧೈರ್ಯ ಬರುವ ಅಪಾಯವಿದೆ. ಇಲ್ಲಿ ಮದ್ದು ಹೇರು ತಗ್ಗಿಸುವುದು, ವೇಗ ಇಳಿಸುವುದು.

ಹೊಂದಾಣಿಕೆ ಮಾಡಬಹುದಾದ ಸರಳಿನ ತುದಿಯಲ್ಲಿ ಸಾಲಾಗಿ ಎರಡು ಮೂರು ರಂಧ್ರಗಳಿರುತ್ತವೆ. ಲಿಂಕನ್ನು ತುದಿಯ ರಂಧ್ರಕ್ಕೆ ಕಟ್ಟಿದರೆ ತೋಳು ಉದ್ದ, ಸರಳು ಮೆತ್ತಗೆ. ಒಳರಂಧ್ರಕ್ಕೆ ಕಟ್ಟಿದರೆ ತೋಳು ಗಿಡ್ಡ, ಸರಳು ಬಿಗಿ. ತೋಳು 250ರಿಂದ 225 ಮಿ.ಮೀ.ಗೆ ಇಳಿದರೆ ಬಿಗಿತ ಸುಮಾರು ಶೇ. 23ರಷ್ಟು ಏರುತ್ತದೆ. ಎಡಕ್ಕೂ ಬಲಕ್ಕೂ ಒಂದೇ ರಂಧ್ರ ಬಳಸಬೇಕು. ಆರಂಭ ಮೆತ್ತನೆಯ ರಂಧ್ರದಿಂದ; ಪರಿಚಿತ ದಾರಿಯಲ್ಲಿ, ಟೈರಿನ ಗಾಳಿ ಒಂದೇ ಒತ್ತಡದಲ್ಲಿಟ್ಟು ಓಡಿಸಿ ನೋಡಿ, ಒಂದು ಬಾರಿಗೆ ಒಂದೇ ಬದಲಾವಣೆ. ಎರಡು ಬದಲಾವಣೆ ಒಟ್ಟಿಗೆ ಮಾಡಿದರೆ ಯಾವುದರ ಫಲ ಯಾವುದೆಂದು ತಿಳಿಯದು.

ಬಹಳ ಕಡೆ ಮರೆತುಹೋಗುವುದು ಲಿಂಕಿನ ಉದ್ದ. ಕಾರು ಸಮತಟ್ಟಾದ ನೆಲದಲ್ಲಿ ತನ್ನ ಗಾಲಿಗಳ ಮೇಲೆ ನಿಂತಿರಬೇಕು, ಚಾಲಕನ ತೂಕ ಸೀಟಿನ ಮೇಲಿರಬೇಕು. ಆಗ ಒಂದು ಬದಿಯ ಲಿಂಕ್ ಕಟ್ಟಿ, ಇನ್ನೊಂದು ಬದಿಯ ಲಿಂಕನ್ನು ಬೋಲ್ಟ್ ಬೆರಳಿನಲ್ಲೇ ಹೊಕ್ಕು ಹೊರಬರುವಷ್ಟು ಉದ್ದಕ್ಕೆ ತಿರುಗಿಸಿ ಹೊಂದಿಸಬೇಕು. ಸುತ್ತಿಗೆಯಿಂದ ಹೊಡೆದು ಕೂರಿಸಿದರೆ ಸರಳು ನಿಂತಲ್ಲೇ ತಿರುಚಿಕೊಂಡಿರುತ್ತದೆ. ಅಂಥ ಕಾರು ಎಡತಿರುವಿನಲ್ಲಿ ಒಂದು ರೀತಿ, ಬಲತಿರುವಿನಲ್ಲಿ ಇನ್ನೊಂದು ರೀತಿ ನಡೆದುಕೊಳ್ಳುತ್ತದೆ. ನಂತರ ಸ್ಟೇರಿಂಗನ್ನು ಎರಡೂ ಕೊನೆಗೆ ತಿರುಗಿಸಿ, ಜಾಕಿಯಿಂದ ಗಾಲಿ ಏರಿಸಿ ಇಳಿಸಿ, ಸರಳು ಬ್ರೇಕ್ ಪೈಪಿಗಾಗಲಿ ಡ್ರೈವ್ ಶಾಫ್ಟಿಗಾಗಲಿ ತಾಗುವುದಿಲ್ಲವೆಂದು ಖಚಿತ ಮಾಡಿಕೊಳ್ಳಬೇಕು. ಪಾಲಿಯುರೆಥೇನ್ ಬುಷ್ ಹಾಕಿದ್ದರೆ ಒಳಗೆ ಅದಕ್ಕೆಂದೇ ಇರುವ ಗ್ರೀಸ್ ಬೇಕು, ಇಲ್ಲದಿದ್ದರೆ ಕಿರ್ರೆನ್ನುತ್ತದೆ. ಹಳ್ಳಿದಾರಿಯ ಧೂಳು ಆ ಗ್ರೀಸನ್ನು ಬೇಗ ಒಣಗಿಸುವುದರಿಂದ ಸರ್ವಿಸ್ ಸಮಯದಲ್ಲಿ ಬುಷ್ ಬಿಚ್ಚಿ ಒರೆಸಿ ಮತ್ತೆ ಹಚ್ಚಬೇಕಾಗುತ್ತದೆ.

ಹಿತವಾದ ಸವಾರಿಗೂ ತಿರುವಿನ ಬಿಗಿಗೂ ಇರುವ ಈ ಜಗಳ ಬಗೆಹರಿಸಲು ಕಂಪನಿಗಳು ಸರಳನ್ನೇ ಚಲಿಸುವಂತೆ ಮಾಡಿದವು. 1994ರ ಸಿಟ್ರೊಯೆನ್ ಜಾಂಟಿಯಾ ಆಕ್ಟಿವಾ ತೈಲದ ಒತ್ತಡದಿಂದ ಬಾಡಿಯನ್ನು ಸಮತಟ್ಟಾಗಿ ಹಿಡಿದಿತ್ತು. 2001ರ ಬಿಎಂಡಬ್ಲ್ಯು 7 ಸರಣಿ ಅದೇ ದಾರಿ ಹಿಡಿಯಿತು. 2016ರ ಆಡಿ ಎಸ್‌ಕ್ಯು7ರಲ್ಲಿ 48 ವೋಲ್ಟಿನ ಮೋಟಾರು ಸರಳಿನ ಎರಡು ಅರ್ಧಗಳನ್ನು ನೇರ ದಾರಿಯಲ್ಲಿ ಬಿಡಿಬಿಡಿಯಾಗಿಸಿ, ತಿರುವಿನಲ್ಲಿ ತಿರುಚಿ ಬಿಗಿಮಾಡುತ್ತದೆ. ಸಾಮಾನ್ಯ ಬೆಲೆಯ ಕಾರುಗಳಲ್ಲಿ ಇನ್ನೂ ಆ ಕೆಲಸ ಸ್ಪ್ಯಾನರ್ ಹಿಡಿದ ಕೈಗೆ, ಮತ್ತು ಸರಳಿನ ತುದಿಯ ಎರಡು ಮೂರು ರಂಧ್ರಗಳಿಗೆ ಸೇರಿದೆ.