ಬಿರುದೂ ಅಧಿಕಾರವೂ: ಉನ್ನತ ಪದವಿಯ ಸ್ತ್ರೀ ಉಮೇದುವಾರರು ವೃತ್ತಪತ್ರಿಕೆಗಳಲ್ಲಿ

ಬೆಂಗಳೂರಿನ ದಂಡುಪ್ರದೇಶದಲ್ಲಿ, ಹಿಂದೆ ಬ್ಲ್ಯಾಕ್‌ಪಳ್ಳಿ ಎನಿಸಿಕೊಂಡಿದ್ದು ಈಗ ಶಿವಾಜಿನಗರವೆಂಬ ಹೆಸರನ್ನು ಪಡೆದಿರುವ ಪೇಟೆಯ ನಡುವೆ, ಸಂತ ಮೇರಿಯ ಇಗರ್ಜಿಗೆ ಸಮೀಪದಲ್ಲಿ ರಸೆಲ್ ಮಾರುಕಟ್ಟೆಯಿದೆ. ೧೯೨೭ರಲ್ಲಿ ನಿರ್ಮಾಣವಾಗಿ ೧೯೩೩ರಲ್ಲಿ ವರ್ತಕರಾದ ಇಸ್ಮಾಯಿಲ್ ಸೇಟರಿಂದ ಉದ್ಘಾಟಿತವಾದ ಈ ಕಟ್ಟಡಕ್ಕೆ, ಆಗ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ನಿನ ಮುನಿಸಿಪಲ್ ಕಮಿಷನರಾಗಿದ್ದ ಟಿ. ಬಿ. ರಸೆಲರ ಹೆಸರು ಬಂದಿತು. ಅಲ್ಲಿಂದ ತುಸು ದೂರದಲ್ಲಿಯೇ ಬೌರಿಂಗ್ ಮತ್ತು ಲೇಡಿ ಕರ್ಜನ್ ಆಸ್ಪತ್ರೆಯಿದೆ. ಈ ಹೆಸರಿನ ಪೂರ್ವಾರ್ಧವು ೧೮೬೨ರಿಂದ ೧೮೭೦ರವರೆಗೆ ಮೈಸೂರಿನ ಕಮಿಷನರಾಗಿದ್ದ ಲ್ಯೂಯಿನ್ ಬೌರಿಂಗರದು; ಉತ್ತರಾರ್ಧವು ವೈಸರಾಯ್ ಕರ್ಜನ್ನರ ಪತ್ನಿಯದು. ಆ ಸ್ತ್ರೀಯ ಸ್ವಂತ ನಾಮಧೇಯವು ಮೇರಿ ವಿಕ್ಟೋರಿಯಾ. ತೌರುಮನೆಯ ಹೆಸರು ಲೈಟರ್. ಆಸ್ಪತ್ರೆಯ ಹೆಸರಿನಲ್ಲಿ ಇವೆರಡೂ ಇಲ್ಲ. ಮಾರುಕಟ್ಟೆಯ ಪಶ್ಚಿಮಕ್ಕೆ ಹೋಗುವವರು ಸೇರುವ ಕ್ವೀನ್ಸ್ ರಸ್ತೆಯಲ್ಲಿ ವಿಕ್ಟೋರಿಯಾ ರಾಣಿಯ ಪದವಿಯು ಉಳಿದು ಹೆಸರು ಮರೆಯಾಗಿದೆ.

ಈ ಮೂರು ಸ್ಥಳನಾಮಗಳಲ್ಲಿ ಒಂದು ಪದ್ಧತಿಯು ಸ್ಪಷ್ಟವಾಗಿ ಕಾಣುತ್ತದೆ. ಪುರುಷನು ತಾನು ವಹಿಸಿದ ಕಾರ್ಯದಿಂದ ತನ್ನ ಹೆಸರಿನಲ್ಲಿಯೇ ಸ್ಮರಿಸಲ್ಪಡುವನು. ಸ್ತ್ರೀಯು ಸಂಬಂಧದಿಂದಲೋ ಸಿಂಹಾಸನದಿಂದಲೋ ಸ್ಮರಿಸಲ್ಪಡುವಳು. ಪರಾಧಿಕಾರದ ಕಾಲದಲ್ಲಿ ಇದು ಸಹಜವೆನ್ನಬಹುದು. ಆದರೆ ಪ್ರಜಾಪ್ರಭುತ್ವವು ಬಂದು, ಸ್ತ್ರೀಯರು ಮತವನ್ನು ಕೊಡುವವರೂ ಕೇಳುವವರೂ ಆದ ಮೇಲೆ, ದಿನಂಪ್ರತಿ ಅವರ ಹೆಸರನ್ನು ಬರೆಯುವ ಕಾರ್ಯವು ವೃತ್ತಪತ್ರಿಕೆಗಳ ಪಾಲಿಗೆ ಬಂದಿತು. ಆ ಬರವಣಿಗೆಯಲ್ಲಿ ಹಳೆಯ ಪದ್ಧತಿಯು ಎಷ್ಟುಮಟ್ಟಿಗೆ ಉಳಿಯಿತು, ಎಷ್ಟುಮಟ್ಟಿಗೆ ಅಳಿಯಿತು ಎಂಬುದು ವಿಚಾರಾರ್ಹವಾದ ವಿಷಯ. ಕರ್ನಾಟಕವು ಇದಕ್ಕೆ ಒಳ್ಳೆಯ ಕ್ಷೇತ್ರ. ಏಕೆಂದರೆ ಭಾರತದಲ್ಲಿ ಸ್ತ್ರೀಯರ ಉಮೇದುವಾರಿಕೆಯ ಪ್ರಾರಂಭವೂ, ಮುಂದೆ ಬಹು ಪ್ರಸಿದ್ಧವಾದ ಎರಡು ಸ್ಪರ್ಧೆಗಳೂ ಈ ನಾಡಿನಲ್ಲಿಯೇ ನಡೆದುವು.

ಇದು ಒಂದು ನಾಡಿನ ದೋಷವಲ್ಲವೆಂಬುದನ್ನು ಮೊದಲೇ ಹೇಳಬೇಕು. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ೧೮೭೨ರಷ್ಟು ಹಿಂದೆಯೇ ವಿಕ್ಟೋರಿಯಾ ವುಡ್‌ಹಲ್ ಎಂಬಾಕೆ ಅಧ್ಯಕ್ಷ ಪದವಿಗೆ ಉಮೇದುವಾರಳಾಗಿ ನಿಂತಳು. ಅದೇ ವರ್ಷದ ಫೆಬ್ರವರಿಯಲ್ಲಿ ‘ಹಾರ್ಪರ್ಸ್ ವೀಕ್ಲಿ’ ಪತ್ರಿಕೆಯ ಚಿತ್ರಕಾರನಾದ ಥಾಮಸ್ ನ್ಯಾಸ್ಟನು ಆಕೆಯನ್ನು ಕೊಂಬುರೆಕ್ಕೆಗಳುಳ್ಳ ‘ಸೈತಾನನ ಶ್ರೀಮತಿ’ಯಾಗಿ ಚಿತ್ರಿಸಿದನು. ಆಕೆಯಿಂದ ಮೊದಲ್ಗೊಂಡು ಎಂಟು ಮಂದಿ ಸ್ತ್ರೀ ಉಮೇದುವಾರರ ವಿಷಯವಾಗಿ ಪ್ರಕಟವಾದ ವಾರ್ತೆಗಳನ್ನು ಪರಿಶೀಲಿಸಿ ಎರಿಕಾ ಫಾಕ್ ಎಂಬ ವಿದುಷಿಯು ೨೦೦೮ರಲ್ಲಿ ಒಂದು ಗ್ರಂಥವನ್ನು ಹೊರತಂದರು. ಸಮಾನ ಸ್ಥಾನದಲ್ಲಿದ್ದ ಪುರುಷರಿಗಿಂತ ಸ್ತ್ರೀಯರಿಗೆ ವಾರ್ತೆಗಳು ಕಡಿಮೆಯಾಗಿಯೂ, ಆ ವಾರ್ತೆಗಳಲ್ಲಿ ರೂಪವೇಷಗಳ ವರ್ಣನೆಯು ಹೆಚ್ಚಾಗಿಯೂ ದೊರಕಿದುವೆಂಬುದು ಅದರ ಸಾರಾಂಶ. ಶತಮಾನವು ಕಳೆದರೂ ಈ ರೀತಿಯು ಹೆಚ್ಚಾಗಿ ಬದಲಾಗಲಿಲ್ಲವೆಂಬುದೇ ಅದರಲ್ಲಿ ಗಮನಿಸತಕ್ಕ ಅಂಶ.

ಕನ್ನಡನಾಡಿನ ಕಥೆಯು ೧೯೨೬ರಲ್ಲಿ ಮಂಗಳೂರಿನಿಂದ ಮೊದಲಾಗುತ್ತದೆ. ಆ ವರ್ಷ ಮದರಾಸು ಶಾಸನಸಭೆಗೆ ಸ್ತ್ರೀಯರೂ ಉಮೇದುವಾರರಾಗಬಹುದೆಂದು ಆಗಲು, ಆ ಊರಿನವರೇ ಆದ ಕಮಲಾದೇವಿ ಚಟ್ಟೋಪಾಧ್ಯಾಯರು ಮಾರ್ಗರೆಟ್ ಕಸಿನ್ಸರ ಪ್ರೋತ್ಸಾಹದಿಂದ ಚುನಾವಣೆಗೆ ನಿಂತರು. ಅವರಿಗೆ ಆಗ ಇಪ್ಪತ್ತಮೂರು ವಯಸ್ಸು. ಪ್ರಚಾರಕ್ಕೆ ದೊರೆತುದು ಕೆಲವೇ ದಿನಗಳ ಅವಕಾಶ. ಸೋತದ್ದು ಅಲ್ಪ ಅಂತರದಿಂದ. ಈ ಸಂಗತಿಯನ್ನು ಹೇಳುವ ಬರಹಗಳೆಲ್ಲ ‘ಚುನಾವಣೆಗೆ ನಿಂತ ಮೊದಲನೆಯ ಭಾರತೀಯ ಸ್ತ್ರೀ’ ಎಂಬ ಮಾತನ್ನು ತಪ್ಪದೆ ಹೇಳುತ್ತವೆ. ಅವರು ಸರೋಜಿನೀ ನಾಯಡು ಅವರ ತಮ್ಮನಾದ ಹರೀಂದ್ರನಾಥರ ಪತ್ನಿಯೆಂಬುದನ್ನೂ ಹಲವರು ಕೂಡಿಸುತ್ತಾರೆ. ಆದರೆ ಆ ಕೆಲವು ದಿನಗಳಲ್ಲಿ ಅವರು ಮತದಾರರ ಮುಂದಿಟ್ಟ ವಿಚಾರಗಳೇನು ಎಂಬುದಕ್ಕೆ ಆ ಬರಹಗಳಲ್ಲಿ ಎಡೆ ಸಿಕ್ಕುವುದು ವಿರಳ. ‘ಮೊದಲನೆಯವಳು’ ಎಂಬುದು ಗೌರವದ ಮಾತೇ ಹೌದು. ಆದರೆ ಅದು ಸ್ಥಾನವನ್ನು ತಿಳಿಸುತ್ತದೆಯೇ ಹೊರತು ಕಾರ್ಯವನ್ನು ತಿಳಿಸುವುದಿಲ್ಲ. ೧೯೭೨ರಿಂದ ೧೯೭೮ರವರೆಗೆ ಕರ್ನಾಟಕ ವಿಧಾನಸಭೆಯ ಸ್ಪೀಕರಾಗಿದ್ದ ಗುಂಡ್ಲುಪೇಟೆಯ ಕೆ. ಎಸ್. ನಾಗರತ್ನಮ್ಮನವರಿಗೂ ಇದೇ ಗತಿಯಾಯಿತು. ಏಳು ಸಲ ಚುನಾಯಿತರಾಗಿ ಬಂದ ಅವರ ಪರಿಚಯವು ಇಂದಿಗೂ ‘ಮೊದಲನೆಯ ಮಹಿಳಾ ಸ್ಪೀಕರು’ ಎಂಬಷ್ಟರಲ್ಲಿಯೇ ಮುಗಿದುಹೋಗುವುದುಂಟು.

ಪ್ರಧಾನಮಂತ್ರಿ ಪದವಿಯ ಮಾತು ಬಂದಾಗ ಬಿರುದುಗಳ ಕೋಲಾಹಲವು ಮೊದಲಾಯಿತು. ೧೯೬೬ರ ಜನವರಿಯಲ್ಲಿ ಇಂದಿರಾ ಗಾಂಧಿಯವರು ಅಧಿಕಾರಕ್ಕೆ ಬಂದಾಗ ಅಮೆರಿಕದ ‘ಟೈಮ್’ ವಾರಪತ್ರಿಕೆಯು, ಸಂಕಟದಲ್ಲಿರುವ ಭಾರತವು ಒಬ್ಬ ಹೆಂಗಸಿನ ಕೈಯಲ್ಲಿ ಎಂಬರ್ಥದ ಶಿರೋನಾಮೆಯನ್ನು ಮುಖಪುಟದಲ್ಲಿ ಮುದ್ರಿಸಿತು. ದೇಶದೊಳಗೆ ರಾಮಮನೋಹರ ಲೋಹಿಯಾ ಅವರು ಆಡಿದ ‘ಮೂಕ ಬೊಂಬೆ’ ಎಂಬ ಮಾತು ಪತ್ರಿಕೆಯಿಂದ ಪತ್ರಿಕೆಗೆ ಹರಡಿತು. ಮೂರು ವರ್ಷಗಳ ಬಳಿಕ, ೧೯೬೯ರ ಜುಲೈಯಲ್ಲಿ, ಬೆಂಗಳೂರಿನ ಲಾಲ್‌ಬಾಗಿನ ಗಾಜಿನಮನೆಯಲ್ಲಿ ಅಖಿಲ ಭಾರತ ಕಾಂಗ್ರೆಸ್ ಸಮಿತಿಯು ಸೇರಿತು. ಕನ್ನಡಿಗರಾದ ಎಸ್. ನಿಜಲಿಂಗಪ್ಪನವರು ಆಗ ಆ ಸಂಸ್ಥೆಯ ಅಧ್ಯಕ್ಷರು. ಹಿರಿಯ ನಾಯಕರಿಗೂ ಪ್ರಧಾನಮಂತ್ರಿಗೂ ಇದ್ದ ವಿರಸವು ಅಲ್ಲಿ ಬಯಲಾಗಿ, ಜುಲೈ ೧೯ರಂದು ಹದಿನಾಲ್ಕು ಬ್ಯಾಂಕುಗಳು ರಾಷ್ಟ್ರೀಕೃತವಾಗಿ, ನವೆಂಬರಿನಲ್ಲಿ ಕಾಂಗ್ರೆಸ್ಸು ಒಡೆಯಿತು. ಬೊಂಬೆಯೆಂಬ ಬಿರುದು ಅಲ್ಲಿಗೆ ಸತ್ತಿತು.

ಅದರ ಸ್ಥಾನಕ್ಕೆ ಬಂದುದಾದರೂ ಏನು? ೧೯೭೧ರ ಯುದ್ಧದ ನಂತರ ಅವರು ‘ದುರ್ಗೆ’ಯಾದರು. ಈ ಉಪಮೆಯನ್ನು ಅಟಲ್ ಬಿಹಾರಿ ವಾಜಪೇಯಿಯವರು ಆಡಿದರೆಂದು ಇಂದಿಗೂ ಬರೆಯಲ್ಪಡುತ್ತದೆ; ತಾವು ಹಾಗೆ ಹೇಳಲೇ ಇಲ್ಲವೆಂದು ಅವರು ಮುಂದೆ ಸ್ಪಷ್ಟಪಡಿಸಿದ್ದರು. ಆಡಿದವರು ಒಪ್ಪದ ಮಾತು ಅರ್ಧ ಶತಮಾನ ಬಾಳಿತೆಂದರೆ, ಅದನ್ನು ಕೇಳಬೇಕೆಂಬ ಆಶೆಯು ಕೇಳುವವರಲ್ಲಿಯೇ ಇದ್ದಿತೆಂದು ತಿಳಿಯಬೇಕು. ಬೊಂಬೆಯು ಮನುಷ್ಯರಿಗಿಂತ ಕೆಳಗಿನದು; ದೇವಿಯು ಮನುಷ್ಯರಿಗಿಂತ ಮೇಲಿನವಳು. ಇವೆರಡರ ನಡುವೆ ಇರುವ ಸ್ಥಳ, ಎಂದರೆ ಕಡತವನ್ನು ಓದಿ, ಸಭೆಯನ್ನು ಕರೆದು, ಸರಿಯಾಗಿಯೋ ತಪ್ಪಾಗಿಯೋ ನಿರ್ಣಯವನ್ನು ಮಾಡುವ ಅಧಿಕಾರಿಯ ಸ್ಥಳ, ಬರಿದಾಗಿಯೇ ಉಳಿಯಿತು.

ಇದರ ಫಲವು ಚಿಕ್ಕಮಗಳೂರಿನಲ್ಲಿ ಕಂಡುಬಂದಿತು. ೧೯೭೭ರಲ್ಲಿ ರಾಯ್‌ಬರೇಲಿಯಲ್ಲಿ ಸೋತ ಇಂದಿರಾ ಗಾಂಧಿಯವರು, ಡಿ. ಬಿ. ಚಂದ್ರೇಗೌಡರು ತೆರವು ಮಾಡಿದ ಈ ಕ್ಷೇತ್ರದಲ್ಲಿ ೧೯೭೮ರ ನವೆಂಬರಿನಲ್ಲಿ ಉಪಚುನಾವಣೆಗೆ ನಿಂತರು. ಎದುರಾಳಿಗಳು ವೀರೇಂದ್ರ ಪಾಟೀಲರು. ಒಬ್ಬರು ಹನ್ನೊಂದು ವರ್ಷ ದೇಶವನ್ನಾಳಿದವರು. ಇನ್ನೊಬ್ಬರು ಮೈಸೂರು ರಾಜ್ಯದ ಮುಖ್ಯಮಂತ್ರಿಗಳಾಗಿದ್ದವರು. ಇಬ್ಬರ ಆಡಳಿತವನ್ನೂ ತೂಗಿನೋಡಲು ಇಂಥ ಸಂದರ್ಭವು ಮತ್ತೆಲ್ಲಿ ದೊರಕೀತು? ೧೯೭೫ರಿಂದ ೧೯೭೭ರವರೆಗಿನ ತುರ್ತುಪರಿಸ್ಥಿತಿಯ ಲೆಕ್ಕವನ್ನು ಕೇಳಬೇಕಾಗಿದ್ದ ಕಾಲವದು. ಆದರೆ ಆ ಚುನಾವಣೆಯಿಂದ ಜನರ ನೆನಪಿನಲ್ಲಿ ಉಳಿದುದು ಒಂದು ಸಿಂಹಿಣಿಗೆ ನೂರು ಮುಸುವಗಳು ಎದುರೆಂಬ ಭಾವದ ಹಿಂದೀ ಘೋಷಣೆ. ಅದನ್ನು ಕಟ್ಟಿದವರು ಅವರ ಬೆಂಬಲಿಗರೇ. ಎಪ್ಪತ್ತೇಳು ಸಾವಿರಕ್ಕೆ ಮೀರಿದ ಮತಗಳಿಂದ ಅವರು ಗೆದ್ದರು. ಇಲ್ಲಿ ಬಿರುದು ಸ್ತ್ರೀಗೆ ನಷ್ಟವನ್ನು ತಂದಿತೆಂದು ಹೇಳುವಂತಿಲ್ಲ. ನಷ್ಟವಾದುದು ವಿಚಾರಕ್ಕೆ. ಸಿಂಹಿಣಿಯನ್ನು ಯಾರೂ ಲೆಕ್ಕ ಕೇಳುವುದಿಲ್ಲ. ಮಾಜಿ ಪ್ರಧಾನಮಂತ್ರಿಯನ್ನು ಕೇಳಬಹುದಾಗಿತ್ತು.

ಇಪ್ಪತ್ತೊಂದು ವರ್ಷಗಳ ಬಳಿಕ, ೧೯೯೯ರಲ್ಲಿ, ಬಳ್ಳಾರಿಯ ಲೋಕಸಭಾ ಸ್ಥಾನಕ್ಕೆ ಇಬ್ಬರು ಸ್ತ್ರೀಯರೇ ಪರಸ್ಪರ ಎದುರಾದರು. ಸೋನಿಯಾ ಗಾಂಧಿಯವರು ಕಾಂಗ್ರೆಸ್ಸಿನ ಅಧ್ಯಕ್ಷರು. ಸುಷ್ಮಾ ಸ್ವರಾಜರು ಕೇಂದ್ರದಲ್ಲಿ ಮಂತ್ರಿಗಳಾಗಿದ್ದವರು, ಹಿಂದಿನ ವರ್ಷ ಕೆಲಕಾಲ ದಿಲ್ಲಿಯ ಮುಖ್ಯಮಂತ್ರಿಗಳಾಗಿದ್ದವರು. ಪುರುಷನೊಬ್ಬನು ಎದುರಿಗಿಲ್ಲದುದರಿಂದ ವಾರ್ತೆಗಳು ಪದವಿಯ ಅರ್ಹತೆಯನ್ನು ಕುರಿತೇ ನಡೆಯಬಹುದಿತ್ತು. ನಡೆದುದು ಬೇರೆ. ‘ಸ್ವದೇಶಿಯ ಮಗಳು, ವಿದೇಶಿಯ ಸೊಸೆ’ ಎಂಬ ಪ್ರಚಾರದ ಸೂತ್ರವೇ ವಾರ್ತೆಯ ಸೂತ್ರವೂ ಆಯಿತು. ಒಬ್ಬರ ಸೀರೆ, ಇನ್ನೊಬ್ಬರ ಕುಂಕುಮ, ಕೆಲವೇ ವಾರಗಳಲ್ಲಿ ಸುಷ್ಮಾ ಅವರು ಕಲಿತು ಆಡಿದ ಕನ್ನಡ, ಇವು ಸವಿಸ್ತಾರವಾಗಿ ವರ್ಣಿತವಾದುವು. ಕನ್ನಡವನ್ನು ಕಲಿತುದು ಶ್ಲಾಘ್ಯವೇ. ಅದು ಮತದಾರರಿಗೆ ಸಲ್ಲಿಸಿದ ಗೌರವ. ಆದರೆ ಗಣಿಯ ಧೂಳೂ ತುಂಗಭದ್ರೆಯ ನೀರೂ ಉಳ್ಳ ಆ ಜಿಲ್ಲೆಗೆ ಈ ಇಬ್ಬರು ಏನನ್ನು ಮಾಡಬಲ್ಲರೆಂಬ ಪ್ರಶ್ನೆಯು ಮಗಳು-ಸೊಸೆಯರ ಕಥೆಯಲ್ಲಿ ಹಿಂದೆ ಬಿದ್ದಿತು. ಸೋನಿಯಾ ಅವರು ೫೬,೧೦೦ ಮತಗಳಿಂದ ಗೆದ್ದರು. ಅಮೇಠಿಯನ್ನು ಉಳಿಸಿಕೊಂಡು ಬಳ್ಳಾರಿಯನ್ನು ಬಿಟ್ಟರು. ಪತ್ರಿಕೆಗಳಿಗೆ ಕಥೆಯು ಮುಗಿಯಿತು. ಜಿಲ್ಲೆಯ ಪ್ರಶ್ನೆಗಳು ಮುಗಿಯಲಿಲ್ಲ.

ಈ ಪದ್ಧತಿಗೆ ಭಾಷೆಯು ಎಷ್ಟುಮಟ್ಟಿಗೆ ಕಾರಣ ಎಂಬುದೂ ಪರಿಶೀಲನೆಗೆ ಯೋಗ್ಯವಾದುದು. ‘ಶ್ರೀ’ ಎಂಬ ಶಬ್ದವು ಪುರುಷನು ವಿವಾಹಿತನೋ ಅಲ್ಲವೋ ಎಂಬುದನ್ನು ಹೇಳುವುದಿಲ್ಲ. ‘ಶ್ರೀಮತಿ’, ‘ಕುಮಾರಿ’ ಎಂಬುವು ಮೊದಲು ಅದನ್ನೇ ಹೇಳುತ್ತವೆ. ‘ಮಹಿಳಾ ಅಭ್ಯರ್ಥಿ’ ಎಂಬ ಪ್ರಯೋಗವುಂಟು, ‘ಪುರುಷ ಅಭ್ಯರ್ಥಿ’ ಎಂಬುದು ಕೇಳಿಬರುವುದಿಲ್ಲ. ೨೦೦೭ರಲ್ಲಿ ಪ್ರತಿಭಾ ಪಾಟೀಲರು ಚುನಾಯಿತರಾಗುವ ಸಮಯದಲ್ಲಿ ‘ರಾಷ್ಟ್ರಪತಿ’ ಶಬ್ದವು ಸ್ತ್ರೀಗೆ ಸಲ್ಲುವುದೇ ಎಂಬ ಚರ್ಚೆ ನಡೆಯಿತು. ೨೦೨೨ರಲ್ಲಿ ದ್ರೌಪದೀ ಮುರ್ಮು ಅವರನ್ನು ಕುರಿತು ಲೋಕಸಭೆಯ ಸದಸ್ಯರೊಬ್ಬರು ‘ಪತ್ನಿ’ ಎಂಬ ಉತ್ತರಪದವನ್ನು ಪ್ರಯೋಗಿಸಿ ಕ್ಷಮೆ ಕೇಳಬೇಕಾಯಿತು. ‘ಪತಿ’ಗೆ ಒಡೆಯನೆಂಬ ಅರ್ಥವಿರುವುದನ್ನು ಮರೆತು ಗಂಡನೆಂಬ ಅರ್ಥವನ್ನು ಮಾತ್ರ ಹಿಡಿದುದರ ಫಲವಿದು. ಆದರೆ ಕನ್ನಡವು ಈ ವಿಷಯದಲ್ಲಿ ಬಡಭಾಷೆಯಲ್ಲ. ನಮ್ಮ ಮನುಷ್ಯವಾಚಕ ಬಹುವಚನದಲ್ಲಿ ಲಿಂಗಭೇದವಿಲ್ಲ. ‘ಸಚಿವರು ಹೇಳಿದರು’, ‘ಅವರು ಒಪ್ಪಿದರು’ ಎಂಬಲ್ಲಿ ಸ್ತ್ರೀಪುರುಷರಿಬ್ಬರಿಗೂ ಒಂದೇ ಗೌರವ. ವ್ಯಾಕರಣವು ಕೊಟ್ಟ ಈ ಸಮತೆಯನ್ನು ಶಿರೋನಾಮೆಯು ಕಸಿದುಕೊಳ್ಳುತ್ತದೆ.

ಬಿರುದುಗಳನ್ನು ಕೊಡುವುದು ನಮ್ಮಲ್ಲಿ ಹಿಂದಿನಿಂದ ಬಂದ ಪದ್ಧತಿಯೇ ಅಲ್ಲವೆ ಎಂದು ಆಕ್ಷೇಪಿಸಬಹುದು. ಹೌದು. ಹನ್ನೊಂದನೆಯ ಶತಮಾನದ ಚಾಲುಕ್ಯ ರಾಜಕುಮಾರಿ ಅಕ್ಕಾದೇವಿಗೆ ಶಾಸನಗಳಲ್ಲಿ ‘ರಣಭೈರವಿ’ ಎಂಬ ಬಿರುದುಂಟು, ‘ಗುಣದ ಬೆಡಂಗಿ’ ಎಂಬುದೂ ಉಂಟು. ಆದರೆ ಅದೇ ಶಾಸನಗಳು ಆಕೆಯು ಕಿಸುಕಾಡನ್ನು ಆಳುತ್ತಿದ್ದುದನ್ನೂ, ಗೋಕಾಗೆಯ ಕೋಟೆಗೆ ಮುತ್ತಿಗೆ ಹಾಕಿದುದನ್ನೂ, ಬಿಟ್ಟ ದತ್ತಿಗಳನ್ನೂ ಹೇಳುತ್ತವೆ. ಶಾಸನಕಾರನಿಗೆ ಬಿರುದು ಪೀಠಿಕೆ. ಅಧಿಕಾರವೂ ದಾನವೂ ವಿಷಯ. ಆದುದರಿಂದಲೇ ಒಂಬೈನೂರು ವರ್ಷಗಳು ಕಳೆದ ಮೇಲೂ ಅಕ್ಕಾದೇವಿಯು ಏನು ಮಾಡಿದಳೆಂದು ತಿಳಿಯುವುದಕ್ಕೆ ಸಾಧ್ಯವಾಗಿದೆ. ಇಂದಿನ ವಾರ್ತೆಯಲ್ಲಿ ಪೀಠಿಕೆಯೇ ವಿಷಯವಾಗಿ ನಿಂತುಬಿಡುವುದು ದೋಷ.

ಇದು ಕೇವಲ ಶಿಷ್ಟಾಚಾರದ ಪ್ರಶ್ನೆಯಲ್ಲ. ೧೯೫೬ರ ಏಕೀಕರಣದಿಂದ ಇದುವರೆಗೆ ಕರ್ನಾಟಕದಲ್ಲಿ ಸ್ತ್ರೀಯೊಬ್ಬರು ಮುಖ್ಯಮಂತ್ರಿಗಳಾಗಿಲ್ಲ. ಇದಕ್ಕೆ ಪತ್ರಿಕೆಗಳೇ ಕಾರಣವೆಂದರೆ ಅತಿಯಾದೀತು. ಪಕ್ಷಗಳು ಟಿಕೆಟು ಕೊಡುವ ರೀತಿಯೂ ಹಣವೂ ಜಾತಿಯ ಲೆಕ್ಕವೂ ಪ್ರಬಲವಾದ ಕಾರಣಗಳು. ಆದರೂ ಆಡಳಿತದ ಅನುಭವವು ಬರಹದಲ್ಲಿ ದಾಖಲಾಗದಿದ್ದರೆ ಮುಂದಿನ ಪದವಿಗೆ ಅರ್ಹತೆಯನ್ನು ತೋರಿಸುವ ಸಾಧನವೇ ಇರುವುದಿಲ್ಲ. ಲೋಕಸಭೆಯಲ್ಲಿಯೂ ರಾಜ್ಯಗಳ ವಿಧಾನಸಭೆಗಳಲ್ಲಿಯೂ ಸ್ತ್ರೀಯರಿಗೆ ಮೂರರಲ್ಲೊಂದು ಪಾಲನ್ನು ಕಾದಿರಿಸುವ ಸಂವಿಧಾನದ ತಿದ್ದುಪಡಿಯು ೨೦೨೩ರಲ್ಲಿ ಅಂಗೀಕೃತವಾಗಿದೆ. ಆ ಸ್ಥಾನಗಳಿಗೆ ಬರುವವರನ್ನು ಪತ್ರಿಕೆಗಳು ಯಾವ ಹೆಸರಿನಿಂದ ಕರೆಯುವುವೋ, ಮುಂದಿನ ಚರಿತ್ರಕಾರರು ಅದೇ ಹೆಸರಿನಿಂದ ಅವರನ್ನು ಕಾಣಬೇಕಾಗುವುದು.

ರಸೆಲರು ಯಾವ ಉಡುಪನ್ನು ತೊಡುತ್ತಿದ್ದರು, ಯಾರ ಅಳಿಯಂದಿರಾಗಿದ್ದರು ಎಂಬುದನ್ನು ಶಿವಾಜಿನಗರದಲ್ಲಿ ಯಾರೂ ಕೇಳುವುದಿಲ್ಲ. ಅವರ ಹೆಸರಿನ ಮಾರುಕಟ್ಟೆಯು ೨೦೧೨ರ ಬೆಂಕಿಯ ಅನಾಹುತವನ್ನೂ ದಾಟಿ ನಿಂತಿದೆ. ಹೆಸರಿಗೆ ಅಷ್ಟೇ ಸಾಕಾಗಿದೆ. ಲೇಡಿ ಕರ್ಜನ್ ರಸ್ತೆಯಲ್ಲಿ ನಡೆಯುವವರು ಮಾತ್ರ ಇಂದಿಗೂ ಗಂಡನ ಹೆಸರಿನಿಂದಲೇ ಹೆಂಡತಿಯನ್ನು ನೆನೆಯಬೇಕಾಗಿದೆ.