ಹೊರಗಿನವರು ಯಾರು?

ಕೆಮ್ಮಣ್ಣುಗುಂಡಿ ಎಂದೊಡನೆ ತಮಗೆ ಭದ್ರಾವತಿಗೆ ಇಳಿದುಹೋದ ಕಬ್ಬಿಣದ ಅದಿರು ನೆನಪಾಗಬಹುದು. ಆ ಬೆಟ್ಟಗಳ ಜಿಲ್ಲೆಯತ್ತ 1978ರಲ್ಲಿ ದೇಶವೇ ತಿರುಗಿ ನೋಡಿತು. ಹಿಂದಿನ ವರ್ಷ ರಾಯ್‌ಬರೇಲಿಯಲ್ಲಿ ಸೋತಿದ್ದ ಇಂದಿರಾ ಗಾಂಧಿಯವರಿಗಾಗಿ ಡಿ.ಬಿ. ಚಂದ್ರೇಗೌಡರು ಚಿಕ್ಕಮಗಳೂರು ಲೋಕಸಭಾ ಸ್ಥಾನವನ್ನು ತೆರವು ಮಾಡಿದ್ದರು. ತುರ್ತುಪರಿಸ್ಥಿತಿಯಲ್ಲಿ ಜನರ ಬಾಯಿ ಕಟ್ಟಿದವರಿಗೆ, ಅದರಲ್ಲೂ ಹೊರಗಿನವರಿಗೆ, ಇಲ್ಲೇಕೆ ಮಣೆ ಎಂಬುದು ವಿರೋಧಿಗಳ ಪ್ರಶ್ನೆ. ಮೊದಲರ್ಧ ನ್ಯಾಯವಾದದ್ದೇ. ಆದರೆ ಜನತಾ ಪಕ್ಷದ ಅಭ್ಯರ್ಥಿ ವೀರೇಂದ್ರ ಪಾಟೀಲರೂ ಗುಲ್ಬರ್ಗ ಸೀಮೆಯವರಲ್ಲವೇ? ದೇವರಾಜ ಅರಸರ ಭೂಸುಧಾರಣೆಯಿಂದ ನೆಲ ಕಂಡ ಗೇಣಿದಾರನ ಲೆಕ್ಕವಂತೂ ಬೇರೆಯೇ ಇದ್ದಿರಬೇಕು. ಇಂದಿರಾ 70,000ಕ್ಕೂ ಹೆಚ್ಚು ಮತಗಳ ಅಂತರದಿಂದ ಗೆದ್ದರು. ಡಿಸೆಂಬರಿನಲ್ಲಿ ಲೋಕಸಭೆ ಅವರನ್ನು ಉಚ್ಚಾಟಿಸಿ ತಿಹಾರ್ ಸೆರೆಮನೆಗೆ ಕಳುಹಿಸಿತು. ಮತ ನೀಡಿದ ಜಿಲ್ಲೆ ಪ್ರತಿನಿಧಿಯಿಲ್ಲದೆ ಉಳಿಯಿತು. ಪಾಟೀಲರು ಮುಂದೆ ಇಂದಿರಾ ಅವರ ಸಂಪುಟದಲ್ಲಿಯೇ ಸಚಿವರಾದರು.